ಮಂಗಳವಾರದ ದೋಣಿ

ವಾರದಲ್ಲಿ ಒಂದು ದಿನ ಸಮುದ್ರವೂ ಬೆನ್ನು ಚಾಚಿ ಮಲಗಬೇಕು. ನಮ್ಮ ಮೀನುಗಾರರ ಊರು ಅಬ್ಲೆಶಿಯಲ್ಲಿ ಆ ದಿನ ಮಂಗಳವಾರ. ಅಂದು ಒಂದು ದೋಣಿಯೂ ನೀರಿಗಿಳಿಯುವುದಿಲ್ಲ. ಇದನ್ನು ಯಾರು ಹೇಳಿದರು, ಯಾವಾಗ ಹೇಳಿದರು ಎಂದು ಕೇಳಿದರೆ ನಮ್ಮ ಹಿರಿಯರು ನಗುತ್ತಾರೆ. ನಿನಗೆ ಉಸಿರಾಡಲು ಯಾರು ಹೇಳಿಕೊಟ್ಟರು ಎಂದು ತಿರುಗಿ ಕೇಳುತ್ತಾರೆ. ನಾನು ಭಾನುವಾರ ಚರ್ಚಿಗೆ ಹೋಗುವವಳು, ಮಂಗಳವಾರ ಸಮುದ್ರದೊಡೆಯನಿಗೆ ಕೈಮುಗಿಯುವವಳು. ಇಬ್ಬರು ಒಡೆಯರೂ ನನ್ನ ವಿಷಯಕ್ಕೆ ಇದುವರೆಗೆ ಜಗಳವಾಡಿದ್ದು ಕಾಣೆ.

ನನ್ನ ಹೆಸರು ಒಡಾರ್ಲೆ. ಮೀನಿಗೆ ಹೊಗೆ ಹಾಕುವವಳು. ಮೂವತ್ತೊಂದು ವರ್ಷದಿಂದ ಒಲೆಯ ಮುಂದೆ ಕೂತಿದ್ದೇನೆ. ಜಾಲರಿಯ ಮೇಲೆ ಮೀನು ಸಾಲಾಗಿ ಜೋಡಿಸಬೇಕು. ಕೆಳಗೆ ಕಟ್ಟಿಗೆ ಉರಿಯದೆ ಹೊಗೆಯಾಡುತ್ತಿರಬೇಕು. ಬರಿಗೈಯಲ್ಲಿ ಮೀನು ಮಗುಚಬೇಕು. ಇಕ್ಕಳ ಹಿಡಿದರೆ ಮೀನಿನ ತೊಗಲು ಹರಿಯುತ್ತದೆ, ತೊಗಲು ಹರಿದ ಮೀನನ್ನು ಯಾರೂ ಕೊಳ್ಳುವುದಿಲ್ಲ. ಹಾಗಾಗಿ ನಮ್ಮ ಬೆರಳ ತುದಿಗಳಲ್ಲಿ ಗೆರೆಗಳೇ ಇಲ್ಲ, ಸುಟ್ಟು ನುಣುಪಾಗಿವೆ. ಗುರುತಿನ ಚೀಟಿ ಮಾಡಿಸಲು ಹೋದಾಗ ಯಂತ್ರ ನನ್ನ ಹೆಬ್ಬೆಟ್ಟನ್ನು ಐದು ಸಲ ಬೇಡವೆಂದಿತು.

"ಸರ್ಕಾರದ ಪ್ರಕಾರ ನೀನಿನ್ನೂ ಹುಟ್ಟೇ ಇಲ್ಲ ಕಣೇ. ಸುಮ್ನೆ ಅವಸರಪಟ್ಟು ಮೂವರನ್ನ ಹೆತ್ಬಿಟ್ಟೆ" ಅಂದಳು ಕೋರ್ಕೊಯ್. ಅವಳದು ನನ್ನ ಪಕ್ಕದ ಒಲೆ. ಒಲೆಗೆ ಮುಚ್ಚಳವುಂಟು, ಅವಳ ಬಾಯಿಗಿಲ್ಲ.

ನನಗೊಂದು ದೋಣಿಯಿದೆ. ನನ್ನ ತಾಯಿ ಕೊಟ್ಟದ್ದು. ದೋಣಿ ನನ್ನದು, ಅದನ್ನು ನಡೆಸುವ ಕೈ ನನ್ನ ಗಂಡ ಒಕ್ಪೊಟಿಯದು. ನೀಲಿ ಬಣ್ಣದ ಮೈಮೇಲೆ ಹಳದಿಯಲ್ಲಿ ಅದರ ಹೆಸರು ಬರೆಸಿದ್ದೇವೆ: 'ನಿಮಗೇನು ಕಷ್ಟ?' ನೆರೆಹೊರೆಯವರಿಗೆಂದು ಬರೆಸಿದ ಮಾತು. ಅದನ್ನು ದೂರದೇಶದ ವಕೀಲರು ದೊಡ್ಡ ದನಿಯಲ್ಲಿ ಓದುವ ದಿನ ಬಂದೀತೆಂದು ಯಾರಿಗೆ ಗೊತ್ತಿತ್ತು?

ಆದದ್ದು ಇಷ್ಟು. ಹೊರದೇಶದ ಒಂದು ಕಂಪನಿ ನಮ್ಮ ತೀರಕ್ಕೆ ಬಂತು. ಸಮುದ್ರದೊಳಕ್ಕೆ ಕಟ್ಟೆ ಕಟ್ಟಿತು, ಮೀನು ಹೆಪ್ಪುಗಟ್ಟಿಸುವ ಕಾರ್ಖಾನೆ ಕಟ್ಟಿತು, ಸುತ್ತ ತಂತಿಬೇಲಿ ಎಳೆಯಿತು. ನಾವು ಐಸ್ ಕಂಪನಿ ಎನ್ನುತ್ತೇವೆ. ಬೇಲಿ ಬಂದ ಮೇಲೆ ದೋಣಿಯಿಂದ ಒಲೆಗೆ ಹೋಗಲು ನಾವು ತಲೆಯ ಮೇಲೆ ಮೀನಿನ ಬೋಗುಣಿ ಹೊತ್ತು ಒಂದು ಮೈಲಿ ಬಳಸಬೇಕಾಯಿತು. ದಾರಿಯಲ್ಲಿ ಅವರ ಕಾವಲುಗಾರ ಬೋಗುಣಿ ಇಳಿಸಿ ತೋರಿಸು ಅನ್ನುತ್ತಿದ್ದ. ಇಳಿಸಿದ ಬೋಗುಣಿಯನ್ನು ಮತ್ತೆ ತಲೆಗೇರಿಸಲು ಇಬ್ಬರು ಬೇಕು. ಅವನು ಕೈ ಕಟ್ಟಿ ನಿಂತು ನೋಡುತ್ತಿದ್ದ. ಕತ್ತಿನ ಹಿಂದಿನ ಮೂಳೆ ಲಟಕ್ಕೆನ್ನುವುದು ನನಗೇ ಕೇಳಿಸುತ್ತಿತ್ತು.

ಅದನ್ನೂ ಸಹಿಸಿದೆವು. ಆಮೇಲೆ ಕಂಪನಿಯ ದೋಣಿಗಳು ಮಂಗಳವಾರವೂ ಕಡಲಿಗಿಳಿದವು. ಊರು ಎದ್ದು ನಿಂತಿತು. ಗಂಡಸರು ಕಟ್ಟೆಯ ಬಾಯಿಗೆ ಅಡ್ಡಲಾಗಿ ಬಲೆ ಕಟ್ಟಿದರು. ಹೆಂಗಸರು ಬೋಗುಣಿ ಬೋರಲು ಹಾಕಿ ಅದರ ಮೇಲೆ ಕೂತೆವು. ಕೊನೆಗೆ ಜಿಲ್ಲೆಯ ಆಡಳಿತ, ಈ ತೀರದಲ್ಲಿ ಮಂಗಳವಾರ ಯಾರೂ ಮೀನು ಹಿಡಿಯಕೂಡದು ಎಂದು ಆದೇಶ ಹೊರಡಿಸಿತು.

ಕಂಪನಿ ನಮ್ಮ ಮೇಲೆ ಸಿಟ್ಟಾಗಲಿಲ್ಲ. ನಾವು ಅವರಿಗೆ ಯಾವ ಲೆಕ್ಕ? ನೇರ ಸರ್ಕಾರದ ಮೇಲೆ ದಾವೆ ಹೂಡಿತು. ನಮ್ಮ ಕೋರ್ಟಿನಲ್ಲಲ್ಲ. ಯಾವ ಕಾಲದಲ್ಲೋ ನಮ್ಮ ಸರ್ಕಾರ ಅವರ ದೇಶದ ಜೊತೆ ಒಂದು ಒಪ್ಪಂದ ಮಾಡಿಕೊಂಡಿತ್ತಂತೆ. ನಿಮ್ಮವರು ಇಲ್ಲಿ ದುಡ್ಡು ಹಾಕಿದರೆ ಅವರ ಲಾಭಕ್ಕೆ ಅಡ್ಡ ಬರುವುದಿಲ್ಲ, ಬಂದರೆ ಹೊರಗಿನ ಮೂವರು ಪಂಚರು ತೀರ್ಮಾನ ಮಾಡಲಿ ಎಂದು. ಆ ಕಾಗದವನ್ನು ಅಬ್ಲೆಶಿಯಲ್ಲಿ ಒಬ್ಬರೂ ಕಂಡಿರಲಿಲ್ಲ. ಆದರೂ ಅದು ಇದೆ ಎಂದು ಎಲ್ಲರೂ ನಂಬಬೇಕು. ನಮ್ಮ ಮಂಗಳವಾರವನ್ನು ನಿನ್ನೆ ಮೊನ್ನೆ ಹುಟ್ಟಿದ ಮಕ್ಕಳೂ ಕಂಡಿದ್ದವು. ಅದು ಇದೆ ಎಂದು ನಾವು ಸಾಕ್ಷಿ ತರಬೇಕು!

ಸೋತರೆ ಆದೇಶ ಉಳಿಯುವುದಿಲ್ಲ ಎಂದು ಸರ್ಕಾರದ ವಕೀಲ ಅಮಂಕ್ವಾ ಊರಿಗೆ ಬಂದು ಹೇಳಿದ. ಚೂಪು ಮೂಗಿನ, ಬೆವರುವ ಹುಡುಗ. "ವರ್ಷಕ್ಕೆ ಐವತ್ತೆರಡು ಮಂಗಳವಾರದ ಪರಿಹಾರ ಕೊಡೋ ಶಕ್ತಿ ಸರ್ಕಾರಕ್ಕಿಲ್ಲ. ಮಂಗಳವಾರನೇ ಬಿಟ್ಕೊಡುತ್ತೆ."

"ಬಿಟ್ಕೊಡೋಕೆ ಅದೇನು ಅವರಪ್ಪನ ಮನೆ ಬೆಕ್ಕಾ?" ಅಂದಳು ಕೋರ್ಕೊಯ್.

ಪಂಚರು ರಾಜಧಾನಿಗೆ ಬಂದು ಎರಡು ದಿನ ಕೂರುತ್ತಾರೆ, ಆಮೇಲೆ ನಮ್ಮ ತೀರ ನೋಡುತ್ತಾರೆ ಎಂದು ಗೊತ್ತಾಯಿತು. ಸಾಕ್ಷಿಗಳ ಪಟ್ಟಿಯಲ್ಲಿ ಒಬ್ಬ ಪ್ರೊಫೆಸರು, ಒಬ್ಬ ಅಧಿಕಾರಿ, ಮೀನುಗಾರರ ಮುಖಂಡ ಆಟಾ ಸೋವಾ. ಆಟಾ ಎಂದರೆ ಅಪ್ಪ. ಇಡೀ ತೀರಕ್ಕೆ ಆತ ಅಪ್ಪ. ಹೆಂಗಸರು ಯಾರೂ ಪಟ್ಟಿಯಲ್ಲಿರಲಿಲ್ಲ. ಹಿಡಿಯುವವರು ಗಂಡಸರಂತೆ. ಹಿಡಿದದ್ದನ್ನು ಹೊತ್ತು, ಕೊಯ್ದು, ಸುಟ್ಟು, ಮಾರಿ, ದೋಣಿಗೆ ಎಣ್ಣೆ ಹಾಕಿಸುವವರನ್ನು ಯಾರು ಕೇಳುತ್ತಾರೆ?

ನಾನು ಹೋದದ್ದು ಬುತ್ತಿ ಹೊತ್ತುಕೊಂಡು. ಆಟಾ ಸೋವಾ ಹೋಟೆಲಿನ ಊಟ ಮುಟ್ಟುವವನಲ್ಲ. ಹುದುಗಿಸಿದ ಮುಸುಕಿನ ಜೋಳದ ಕೆಂಕಿ ಉಂಡೆ, ಹುರಿದ ಮೀನು, ಕರಿ ಮೆಣಸಿನಕಾಯಿ ಚಟ್ನಿ ಎಲ್ಲ ಕಟ್ಟಿಕೊಂಡು ನಾನೂ ಕೋರ್ಕೊಯ್‌ಳೂ ವ್ಯಾನು ಹತ್ತಿದೆವು. ಹೋಟೆಲಿನ ಮುಂಬಾಗಿಲಲ್ಲಿ ತಡೆದರು. ಮೀನಿನ ವಾಸನೆಯಂತೆ. ಹಿಂದಿನಿಂದ, ಕಸದ ಡಬ್ಬಿಗಳ ಪಕ್ಕದಿಂದ ಬಿಟ್ಟರು. ಒಬ್ಬ ಆಳು ನಮ್ಮ ಬೆನ್ನಿಗೇ ಬಂದು ಡಬ್ಬಿಯಿಂದ ಪುಸ್ ಪುಸ್ಸೆಂದು ಸುಗಂಧ ಹೊಡೆದ.

"ಇನ್ನೊಂದಿಷ್ಟು ಹೊಡಿಯಪ್ಪ, ಕಂಕುಳಿಗೂ ಹೊಡಿ. ಮದುವೆ ದಿನವೂ ನಂಗೆ ಇಷ್ಟು ಯಾರೂ ಹೊಡೆದಿರಲಿಲ್ಲ" ಎಂದು ಕೋರ್ಕೊಯ್ ಕೈ ಎತ್ತಿದಳು. ನಾನು ನಕ್ಕೆ. ಆ ಹೋಟೆಲಿನ ಅಡುಗೆಮನೆಗೆ ವಾರಕ್ಕೆ ಎರಡು ಸಲ ಹೋಗುವುದು ನನ್ನದೇ ಮೀನು.

ಸಭೆಯ ಕೋಣೆಯಲ್ಲಿ ಮೀನು ಕೆಡದಷ್ಟು ಚಳಿ. ಹಿಂದಿನ ಗೋಡೆಗೆ ಹಾಕಿದ್ದ ಕುರ್ಚಿಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ನಮ್ಮನ್ನು ಕೂರಿಸಿದರು. ಎದುರಿಗೆ ಎತ್ತರದ ಮೇಜು, ಮೂವರು ಪಂಚರು. ಇಬ್ಬರು ಗಂಡಸರು, ನಡುವೆ ನರೆಗೂದಲಿನ ಒಬ್ಬ ಹೆಂಗಸು. ನಮ್ಮ ಮಾತನ್ನು ಅವರಿಗೆ, ಅವರ ಮಾತನ್ನು ನಮಗೆ ದಾಟಿಸಲು ನಾರ್ಕಿ ಎಂಬ ಹುಡುಗಿ, ನಮ್ಮ ಪಕ್ಕದೂರಿನವಳೇ, ವಿಶ್ವವಿದ್ಯಾಲಯದಲ್ಲಿ ಓದಿದವಳು.

ಕಂಪನಿಯ ವಕೀಲ ಎದ್ದ. ಉದ್ದನೆಯ ಮನುಷ್ಯ. ಬಹಳ ಮರ್ಯಾದಸ್ಥ, ಪ್ರತಿ ಪ್ರಶ್ನೆಗೂ ಮೊದಲು ತಲೆ ಬಾಗಿಸುತ್ತಿದ್ದ.

"ಮಂಗಳವಾರ ಮೀನು ಹಿಡಿಯಬಾರದು ಎಂದು ಎಲ್ಲಿ ಬರೆದಿದೆ?"

"ಎಲ್ಲೂ ಬರೆದಿಲ್ಲ. ಮರೆಯೋರು ಬರ್ಕೊಳ್ತಾರೆ" ಅಂದ ಆಟಾ ಸೋವಾ. "ನಾನೂ ಒಂದು ಕೇಳ್ಲಾ? ಈ ಸಭೇನ ಇವತ್ತೇ ಯಾಕೆ ಇಟ್ರಿ?"

ಅಂದು ಮಂಗಳವಾರ. ನರೆಗೂದಲಿನ ಹೆಂಗಸು ಕಾಗದ ತಿರುವಿ ಒಂದು ಹಾಳೆ ಎತ್ತಿ ಓದಿದಳು. ನಾರ್ಕಿ ನಗು ತಡೆದುಕೊಂಡು ನಮಗೆ ಹೇಳಿದಳು: "ಮಂಗಳವಾರ ಮೀನುಗಾರರು ಬಿಡುವಾಗಿರುವುದರಿಂದ ಅದೇ ದಿನ ಅನುಕೂಲ. ಹೀಗಂತ ಕಂಪನಿ ವಕೀಲರೇ ಬರೆದಿದಾರೆ."

ಸಭೆ ನಕ್ಕಿತು. ವಕೀಲನೂ ನಕ್ಕ. ನಕ್ಕು ತಲೆ ಬಾಗಿಸಿದ.

"ಅದು ಅಭ್ಯಾಸ, ಯಜಮಾನರೇ. ನಾನು ಭಾನುವಾರ ತಡವಾಗಿ ಏಳುತ್ತೇನೆ, ಅದೂ ಅಭ್ಯಾಸ. ಮುರಿದವರಿಗೆ ಶಿಕ್ಷೆಯಾದರೆ ಅದು ಕಾನೂನು. ನಿಮ್ಮ ಮಂಗಳವಾರವನ್ನು ಮುರಿದವರು ಯಾರಾದರೂ ಇದ್ದಾರೆಯೇ?"

ನನ್ನ ಕೈ ಬುತ್ತಿಯ ಗಂಟನ್ನು ಹಿಡಿಯಿತು.

"ಇಲ್ಲ" ಅಂದ ಆಟಾ ಸೋವಾ.

"ಒಬ್ಬರೂ?"

"ಒಬ್ರೂ ಇಲ್ಲ."

ವಕೀಲ ಕೈಯಾಡಿಸಿದ. ಗೋಡೆಯ ಮೇಲೆ ಹಾಯಿಯಷ್ಟು ಅಗಲದ ಒಂದು ಚಿತ್ರ ಮೂಡಿತು. ಮೇಲಿನಿಂದ ತೆಗೆದದ್ದು. ನಮ್ಮ ತೀರ, ನಮ್ಮ ತೆಂಗಿನ ಮರ. ಅಲೆಗಳ ನಡುವೆ ನೀಲಿ ಬಣ್ಣದ ಒಂದು ದೋಣಿ, ತುಂಬ ಮೀನು. ಮೂಲೆಯಲ್ಲಿ ತಾರೀಕು. "ಮೂರು ವರ್ಷದ ಹಿಂದೆ ನಮ್ಮ ಕಂಪನಿ ಜಾಗ ಅಳೆಯಲು ಬಂದಾಗ ತೆಗೆದದ್ದು. ಆ ದಿನ ಮಂಗಳವಾರ. ದೋಣಿಯ ಹೆಸರನ್ನೂ ಓದುತ್ತೇನೆ" ಎಂದು ಅವನು ನಾಲಿಗೆ ತೊಡರಿಸಿಕೊಂಡು ನಮ್ಮ ಭಾಷೆಯಲ್ಲೇ ಓದಿದ: "ನಿಮಗೇನು ಕಷ್ಟ?"

ಯಾರೂ ನಗಲಿಲ್ಲ. ಆಟಾ ಸೋವಾ ಎಪ್ಪತ್ತು ದಾಟಿದ ಮನುಷ್ಯ. ಇಡೀ ಕೋಣೆ ಅವನನ್ನು ಸುಳ್ಳುಗಾರನೆಂದು ನೋಡುತ್ತಿತ್ತು.

ಅವನು ಹೇಳಿದ್ದು ಸುಳ್ಳಲ್ಲ. ಅದನ್ನು ನಾನು ಹೇಳಬೇಕು.

ಆ ವರ್ಷ ಒಕ್ಪೊಟಿ ಇನ್ನಿಬ್ಬರ ಜೊತೆ ಐಸ್ ಪೆಟ್ಟಿಗೆ ಹಾಕಿಕೊಂಡು ದೂರದ ನೀರಿಗೆ ಹೋಗಿದ್ದ. ಬುಧವಾರ ಹೊರಟರೆ ಸೋಮವಾರ ಹೊತ್ತು ಮುಳುಗುವುದರೊಳಗೆ ತೀರ ಮುಟ್ಟಬೇಕು. ನೀರಿನ ಮೇಲೆ ದಿನಗಳು ಒಂದರಂತೆ ಒಂದು. ಅದಕ್ಕೆ ನಾವು ಹೆಂಗಸರು ಕೆಂಕಿಯನ್ನು ದಿನಕ್ಕೊಂದು ಗಂಟು ಮಾಡಿ ಕಟ್ಟುತ್ತೇವೆ. ಆರು ದಿನಕ್ಕೆ ಆರು ಗಂಟು. ಆರನೆಯ ಗಂಟು ಬಿಚ್ಚಿದ ದಿನ ಸೋಮವಾರ, ದೋಣಿ ತಿರುಗಿಸಬೇಕು. ನಮ್ಮ ಅಜ್ಜಿಯರಿಂದ ಬಂದ ಪಂಚಾಂಗ. ಆ ಸಲ ನಡುವೆ ಒಂದು ದಿನ ಮೂವರಿಗೂ ಜ್ವರ ಬಂತು. ದೋಣಿಯ ತಳದಲ್ಲಿ ಮಲಗಿಯೇ ಇದ್ದರು, ಗಂಟು ಬಿಚ್ಚಲಿಲ್ಲ. ಒಕ್ಪೊಟಿಯ ಫೋನು ಐಸ್ ಪೆಟ್ಟಿಗೆಯೊಳಗೆ ಬಿದ್ದು ಸತ್ತಿತ್ತು. ಮಂಗಳವಾರ ಬೆಳಿಗ್ಗೆ ಆರನೆಯ ಗಂಟು ಬಿಚ್ಚಿ, ಓಹೋ ಸೋಮವಾರ, ಎಂದು ಹಾಡುತ್ತ ಬಂದರು.

ತೀರದಲ್ಲಿ ಎಂಬತ್ತು ದೋಣಿ ಮರಳ ಮೇಲೆ ಮಲಗಿದ್ದವು. ಗಂಡಸರು ಬಲೆ ಹೆಣೆಯುತ್ತ ಕೂತಿದ್ದರು. ಅಲೆಗಳಾಚೆಯಿಂದ ನನ್ನ ಗಂಡನ ದನಿ ಕೇಳಿತು. "ಒಡಾರ್ಲೇ! ಬೋಗುಣಿ ತಾರೇ! ಎಲ್ಲಾರ ಬೋಗುಣೀನೂ ತಾ!" ಕೂತಿದ್ದವರೆಲ್ಲ ಎದ್ದು ನಿಂತರು. ದೋಣಿ ಮರಳಿಗೆ ತಗುಲಿದರೂ ಒಬ್ಬನೂ ಹಗ್ಗ ಹಿಡಿಯಲಿಲ್ಲ. ಒಕ್ಪೊಟಿ ಒಂದೊಂದೇ ಮುಖ ನೋಡಿಕೊಂಡು ಬಂದು ನನ್ನ ಮುಖದಲ್ಲಿ ನಿಂತ. "ಇವತ್ತು ಯಾವ ವಾರವೇ?" ಅಂದ. ಹೇಳಿದೆ. ಮೊಣಕಾಲುದ್ದ ನೀರಿನಲ್ಲಿ ಹಾಗೇ ಕೂತುಬಿಟ್ಟ.

ಹಿಡಿಯಬಾರದ ದಿನ ತೀರ ಮುಟ್ಟಿದ ಮೀನನ್ನು ತಿನ್ನಬಾರದು, ಮಾರಬಾರದು. ತಂದವನ ಮನೆಯವರೇ ಹೂಳಬೇಕು. ಅವನಿಗೆ ಇನ್ನೂ ಮೈ ಸುಡುತ್ತಿತ್ತು. ನಾನು ಹೂಳಿದೆ. ತೆಂಗಿನ ಮರಗಳಾಚೆ, ಮಧ್ಯಾಹ್ನದಿಂದ ಹೊತ್ತು ಇಳಿಯುವವರೆಗೆ ಅಗೆದೆ. ಬೋಗುಣಿ ಹೊತ್ತು ತಂದು ಸುರಿದೆ, ಮತ್ತೆ ಅಗೆದೆ. ಬೆಳ್ಳಿಯಂಥ ಮೀನು. ಅಂಗೈ ಒಡೆದು ರಕ್ತ ಗುದ್ದಲಿಯ ಹಿಡಿಗೆ ಅಂಟಿತು. ಕೋರ್ಕೊಯ್ ದೂರದಲ್ಲಿ ನಿಂತು ಅಳುತ್ತಿದ್ದಳು, ನೆರವಾಗುವಂತಿರಲಿಲ್ಲ. ಆಮೇಲೆ ಒಂದು ಕುರಿ, ಎರಡು ಬಾಟಲಿ ಜಿನ್ನು ಒಪ್ಪಿಸಿದೆವು. ದೋಣಿ ಆರು ವಾರ ಮರಳ ಮೇಲೆ ಬೋರಲು ಬಿತ್ತು. ಆರು ವಾರ ನನ್ನ ಮಕ್ಕಳು ಬೇರೆಯವರ ಒಲೆಯ ಪುಡಿಮೀನು ತಿಂದರು.

ಶಿಕ್ಷೆ ಮುಗಿದ ದಿನ ಆಟಾ ಸೋವಾ ಸೋರೆಬುರುಡೆಯಿಂದ ಮರಳಿಗೆ ನೀರು ಹೊಯ್ದ. "ಈ ಮಾತನ್ನ ಇಲ್ಲಿಗೆ ಹೂತ್ವಿ. ಇನ್ಮೇಲೆ ಇದು ಆಗೇ ಇಲ್ಲ. ಇದನ್ನ ಎತ್ತಿ ಆಡಿದೋರು ತಾವೇ ಮಂಗಳವಾರ ಕಡಲಿಗಿಳಿದ ಹಾಗೆ" ಅಂದ. ನಮ್ಮ ಪದ್ಧತಿಯಲ್ಲಿ ನೀರು ಹೊಯ್ದರೆ ತಪ್ಪು ಸತ್ತಿತು. ಅದನ್ನು ಅಗೆಯುವುದು ಹೆಣ ಅಗೆದಂತೆ. ಅದಕ್ಕೇ ಆತ ಇಲ್ಲ ಎಂದದ್ದು.

ದೋಣಿ ಬಂದ ಆ ಮಂಗಳವಾರ ಮೇಲೆ ಒಂದು ಪುಟ್ಟ ಹಾರುವ ಯಂತ್ರ ಗುಂಯ್ಗುಡುತ್ತಿತ್ತು. ಯಾರೋ ಆಟವಾಡುತ್ತಿದ್ದಾರೆಂದುಕೊಂಡಿದ್ದೆವು.

ಕೋಣೆಯಲ್ಲಿ ವಕೀಲ ಕೇಳುತ್ತಲೇ ಇದ್ದ. "ಹೇಳಿ ಯಜಮಾನರೇ, ಈ ದೋಣಿ ಯಾರದು? ಏನು ಮಾಡುತ್ತಿದೆ?" ಆಟಾ ಸೋವಾ ನೆಲ ನೋಡುತ್ತಿದ್ದ. ಅಮಂಕ್ವಾ ಸುಮ್ಮನೆ ಕಾಗದ ತಿರುವುತ್ತಿದ್ದ.

ನನ್ನ ಕಾಲು ಎದ್ದು ನಿಂತವು. ಕೆಳಗಿನ ಪ್ಲಾಸ್ಟಿಕ್ ಪರಪರ ಸದ್ದು ಮಾಡಿತು.

"ಅದು ನನ್ನ ದೋಣಿ."

ಅಮಂಕ್ವಾ ಓಡಿ ಬಂದ. "ಅವೊ, ಅವೊ, ಕೂತ್ಕೊಳ್ಳಿ. ನಿಮ್ಮ ಹೆಸರು ಪಟ್ಟಿಲಿಲ್ಲ." ಅವೊ ಎಂದರೆ ತಾಯಿ. ಬೆಳಿಗ್ಗೆಯಿಂದ ಅವನು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

"ನನ್ನ ದೋಣಿ ಹೆಸರು ಗೋಡೆ ಮೇಲಿದೆಯಲ್ಲಪ್ಪ."

"ಕೂತ್ಕೊಳ್ಳಿ ಅಂದೆ!"

"ಕೂರಲ್ಲ. ಮೂವತ್ತೊಂದು ವರ್ಷದಿಂದ ಕೂತೇ ಇದೀನಿ."

ಆಟಾ ಸೋವಾ ತಿರುಗಿದ. "ಬೇಡ ಮಗಳೇ. ಆಡಿದ್ರೆ ಏನಾಗುತ್ತೆ ಗೊತ್ತಲ್ಲ?"

"ಗೊತ್ತಿದ್ದೇ ಎದ್ದಿದೀನಿ, ಆಟಾ."

ನರೆಗೂದಲಿನವಳು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. ಕಂಪನಿಯ ವಕೀಲನಿಗೆ ಹಬ್ಬ. "ಮಾತಾಡಲಿ, ನನ್ನ ಅಡ್ಡಿಯಿಲ್ಲ. ಹಾಗಾದರೆ ನಿಮ್ಮ ದೋಣಿ ಮಂಗಳವಾರ ಮೀನು ತಂದಿತ್ತು?"

"ತಂದಿತ್ತು. ಐವತ್ತು ಬೋಗುಣಿ. ಒಂದು ಮೀನೂ ಮಾರ್ಲಿಲ್ಲ. ಯಾಕೆ ಅಂತ ಕೇಳಿ."

ಅವನು ಕೇಳಲಿಲ್ಲ. ನಾನು ಹೇಳಿದೆ. ಕೆಂಕಿಯ ಗಂಟು, ಜ್ವರ, ಗುದ್ದಲಿ, ಕುರಿ, ಆರು ವಾರ ಎಲ್ಲ ಹೇಳಿದೆ. ನಾರ್ಕಿ ಒಂದೊಂದೇ ವಾಕ್ಯ ದಾಟಿಸಿದಳು. ಕೊನೆಕೊನೆಗೆ ಅವಳ ದನಿ ಒಡೆಯಿತು.

"ಈ ಶಿಕ್ಷೆಗೆ ಕಾಗದವೇನಾದರೂ ಇದೆಯೇ?" ಎಂದು ವಕೀಲ ತಲೆ ಬಾಗಿಸಿದ.

"ನನ್ನ ಸೊಂಟ ಇದೆ. ಕೇಳ್ಕೊಳ್ಳಿ." ಅಂಗೈ ಚಾಚಿದೆ. "ನೀವು ಒಳ್ಳೇ ಕಣ್ಣಿನೋರು. ನೀರಿನ ಮೇಲಿದ್ದ ಒಂದೇ ಒಂದು ದೋಣಿ ನೋಡಿದ್ರಿ. ಅದೇ ಚಿತ್ರದ ಕೆಳಗಡೆ ನೋಡಿ. ಮರಳ ಮೇಲೆ ಎಂಬತ್ತು ಮಲಗಿವೆ. ಕೆಲಸದ ದಿನ, ಒಳ್ಳೇ ಬಿಸಿಲು, ಶಾಂತ ಸಮುದ್ರ. ಇಷ್ಟು ದೋಣಿ ಯಾಕೆ ಮಲಗಿವೆ ಅಂತ ಒಬ್ಬನಾದ್ರೂ ಇಳಿದು ಬಂದು ಕೇಳಿದ್ನಾ? ಕಟ್ಟೆ ಕಟ್ಟೋಕೆ ಮೊದಲೇ ನೋಡಿದ್ರಲ್ಲ, ಈಗ ಯಾರೂ ಹೇಳ್ಲಿಲ್ಲ ಅಂತೀರಾ? ನಮ್ಮನೆ ಬಾಗಿಲು ಮುಚ್ಚಿದ್ದು ನೋಡ್ಕೊಂಡೇ ಬಂದು, ಬಾಗಿಲಿಗೆ ಹಣೆ ಚಚ್ಚಿಕೊಂಡು, ಹಣೆಗೆ ನಾವು ದುಡ್ಡು ಕೊಡಬೇಕಾ?"

ಮೂವರೂ ಚಿತ್ರದ ಕಡೆ ಬಗ್ಗಿದರು. ವಕೀಲ ಈ ಸಲ ತಲೆ ಬಾಗಿಸುವುದನ್ನು ಮರೆತ. ಅವಸರದಲ್ಲಿ ಎದ್ದು, ಈಕೆ ಪಟ್ಟಿಯಲ್ಲಿಲ್ಲ, ಪ್ರಮಾಣ ಮಾಡಿಲ್ಲ, ಈ ಮಾತುಗಳನ್ನು ತೆಗೆದುಹಾಕಬೇಕು ಎಂದ. ಆಗಷ್ಟೇ ಅಡ್ಡಿಯಿಲ್ಲ ಎಂದವನು. ಪಂಚರು ತಲೆ ಸೇರಿಸಿ ಪಿಸುಗುಟ್ಟಿದರು. ತೆಗೆದುಹಾಕಿದರು.

ವ್ಯಾನಿನಲ್ಲಿ ಊರಿಗೆ ಬರುವಾಗ ಆಟಾ ಸೋವಾ ಬುತ್ತಿ ಬಿಚ್ಚಿ ಒಂದು ಕೆಂಕಿ ತಿಂದು, ಇನ್ನೊಂದನ್ನು ನನ್ನ ಕೈಗಿಟ್ಟ. ಅಷ್ಟೇ.

ಒಕ್ಪೊಟಿ ಮನೆಯ ಮುಂದೆ ಬಲೆಗೆ ಸೀಸದ ಗುಂಡು ಕಟ್ಟುತ್ತಿದ್ದ. ಕೋರ್ಕೊಯ್ ಫೋನಿನಲ್ಲಿ ಊರಿಗೆಲ್ಲ ಮೊದಲೇ ಸಾರಿದ್ದಳು. ಅವನು ಮೂರು ವರ್ಷದಿಂದ ಮೀನು ಹೂತ ಆ ತೆಂಗಿನ ಮರಗಳ ಕಡೆ ತಲೆ ಹಾಕಿ ಮಲಗಿದವನಲ್ಲ. ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ಹೇಳ್ಬಿಟ್ಯಂತೆ."

"ಹೇಳ್ದೆ."

"ಜ್ವರ ಬಂದಿತ್ತು ಅಂತ ಹೇಳ್ದ್ಯಾ?"

"ಅದನ್ನೇ ಮೊದಲು ಹೇಳ್ದೆ."

ಒಂದು ಗುಂಡು ಕಟ್ಟಿದ. ಇನ್ನೊಂದು ಕಟ್ಟಿದ. "ಮೀನು ಎಷ್ಟಿತ್ತು ಅಂದೆ?"

"ಐವತ್ತು ಬೋಗುಣಿ."

ಬಲೆ ಕೆಳಗೆ ಹಾಕಿ ಎದ್ದೇಬಿಟ್ಟ. "ಐವತ್ತಾ? ಎಪ್ಪತ್ತಮೂರು ಕಣೇ! ಹೊರದೇಶದೋರ ಮುಂದೆ ಗಂಡನ ಮಾನ ಕಳೆದ್ಯಲ್ಲೇ!"

ನಾನು ನಕ್ಕೆ. ಅವನೂ ನಕ್ಕ. ನಗುತ್ತ ನಗುತ್ತ ಅವನ ಗಲ್ಲ ನೆಂದವು. ಮೂರು ವರ್ಷದಲ್ಲಿ ನಾವಿಬ್ಬರೂ ಆ ದಿನದ ಬಗ್ಗೆ ಆಡಿದ ಮೊದಲ ಮಾತು ಅದು.

ನಾನು ಹೂತ ಮಾತು ಎತ್ತಿದ್ದಕ್ಕೆ ಗುರುವಾರ ಊರ ಪಂಚಾಯಿತಿ ತೀರದಲ್ಲೇ ಕೂತಿತು. ಬೆಳಿಗ್ಗೆ ಬಂದ ಅಮಂಕ್ವಾ ನನ್ನನ್ನು ಬದಿಗೆ ಕರೆದ.

"ಅವೊ, ನಿಮ್ಮಿಂದ ಊರಿಗೆ ಉಪಕಾರ ಆಗಿದೆ. ನಿಮಗೆ ಶಿಕ್ಷೆ ಬೇಡ ಅಂತ ಮೇಲಿನವರ ಕಡೆಯಿಂದ ಆಟಾ ಸೋವಾಗೆ ಹೇಳಿಸ್ತೀನಿ. ಅಥವಾ ದೋಣಿ ನಿಂತಷ್ಟು ದಿನ ಸರ್ಕಾರದಿಂದ ಏನಾದ್ರೂ ಕೊಡಿಸ್ತೀನಿ."

ಬೇಡವೆನ್ನುವುದು ಸುಲಭವಿರಲಿಲ್ಲ. ಆರು ವಾರವೆಂದರೆ ಆರು ವಾರದ ಹಸಿವು. ಅದರ ರುಚಿ ನನ್ನ ಮಕ್ಕಳಿಗೆ ಗೊತ್ತು.

"ನೀನೇ ಹೇಳಪ್ಪ. ಮುರಿದವರಿಗೆ ಶಿಕ್ಷೆ ಉಂಟು ಅಂತ ಮೊನ್ನೆ ಬಾಯಿ ಹರ್ಕೊಂಡೆ. ಇವತ್ತು ನಾನೇ ತಪ್ಪಿಸ್ಕೊಂಡ್ರೆ ಆ ಉದ್ದನೆಯೋನು ಗೆದ್ದ ಹಾಗಲ್ವಾ?"

ಮಧ್ಯಾಹ್ನ ಕಾರುಗಳು ಬಂದವು. ಮೂವರು ಪಂಚರು ಮರಳಿನಲ್ಲಿ ಬೂಟು ಹೂತುಕೊಳ್ಳುತ್ತ ಇಳಿದು ಬಂದರು. ಹಿಂದೆ ಕಂಪನಿಯ ವಕೀಲ. ಆ ಹೊತ್ತಿಗೆ ಆಟಾ ಸೋವಾ ತೀರ್ಮಾನ ಹೇಳಿ ಮುಗಿಸಿದ್ದ. ಕುರಿ ಒಂದು, ಜಿನ್ನು ಎರಡು, ದೋಣಿ ಆರು ವಾರ ಮರಳ ಮೇಲೆ. ಮೊದಲಿನಷ್ಟೇ. ಒಂದು ದಿನ ಕಡಿಮೆಯಿಲ್ಲ.

ನರೆಗೂದಲಿನವಳು ನಾರ್ಕಿಯ ಮೂಲಕ ಕೇಳಿದಳು: "ಈಕೆ ನಿಮ್ಮ ಪರವಾಗಿ ಮಾತಾಡಿದಳಲ್ಲ? ಆದರೂ ಶಿಕ್ಷೆಯೇ?"

ಆಟಾ ಸೋವಾಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಮಾತಾಡಿದ್ದು ಒಳ್ಳೇದು. ಹೂತ ಮಾತು ಎತ್ತಿದ್ದು ತಪ್ಪು. ಒಳ್ಳೇದಕ್ಕೆ ನಮಸ್ಕಾರ, ತಪ್ಪಿಗೆ ಶಿಕ್ಷೆ. ನಿಮ್ಮಲ್ಲಿ ಬೇಕಾದೋರಿಗೆ ಕಾನೂನು ಬಿಟ್ಬಿಡ್ತೀರಾ?"

ನಾರ್ಕಿ ಅದನ್ನು ಇದ್ದಹಾಗೇ ದಾಟಿಸಿದಳು. ಆ ಹೆಂಗಸು ಸಮುದ್ರದ ಕಡೆ ನೋಡಿದಳು.

ದೋಣಿ ಎಳೆಯಲು ಐವತ್ತು ಕೈ ಬೇಕು. ಹಗ್ಗಕ್ಕೆ ಗಂಡಸರು, ಮಗ್ಗುಲಿಗೆ ಹೆಂಗಸರು. ನಾನೂ ಹೆಗಲು ಕೊಟ್ಟೆ. ನನ್ನ ದೋಣಿ, ನನ್ನ ಶಿಕ್ಷೆ, ನಾನು ದೂರ ನಿಂತು ನೋಡಲೇ? ಎಳೆಯುವ ಹಾಡು ಎದ್ದಿತು. ಕೋರ್ಕೊಯ್ ಹಾಡಿಗೆ ಅಲ್ಲೇ ಎರಡು ಸಾಲು ಸೇರಿಸಿದಳು. ಕಂಪನಿಯ ವಕೀಲನ ಉದ್ದದ ಬಗ್ಗೆ, ಆ ಉದ್ದದಲ್ಲಿ ಯಾವ ಭಾಗ ಉಪಯೋಗಕ್ಕೆ ಬಾರದು ಎಂಬುದರ ಬಗ್ಗೆ. ಏನು ಹಾಡುತ್ತಿದ್ದಾರೆ ಎಂದು ವಕೀಲ ಕೇಳಿದ. "ಸುಸ್ವಾಗತ ಹಾಡು" ಅಂದಳು ನಾರ್ಕಿ. ದೋಣಿ ಅವನ ಕಡೆಗೇ ಹೋಗುತ್ತಿತ್ತು. "ದಾರಿ ಬಿಡಿ! ದಾರಿ ಬಿಡಿ!" ಎಂದು ಗಂಡಸರು ಕೂಗಿದರು. ಅವನು ಸರಿದ.

ಮರದ ದಿಮ್ಮಿಗಳ ಮೇಲೆ ದೋಣಿ ಬೋರಲಾಯಿತು. ಆಟಾ ಸೋವಾ ಸೋರೆಬುರುಡೆ ತರಿಸಿದ. ಇನ್ನು ಮಾತು ಹೂಳಬೇಕು. ಅವನು ನೀರು ಹೊಯ್ಯಲು ಬಗ್ಗಿದಾಗ ನಾನು ಅವನ ಮುಂದೆ ಮರಳಿನಲ್ಲಿ ಮೊಣಕಾಲೂರಿದೆ. ಕೈಮುಗಿದೆ.

"ಆಟಾ, ಕುರಿ ಕೊಡ್ತೀನಿ. ಜಿನ್ನು ಕೊಡ್ತೀನಿ. ದೋಣಿ ಇಲ್ಲಿದೆ. ನೀರು ಹೊಯ್ಯಬೇಡಿ."

"ಏನಂದೆ?"

"ಮಾತು ಹೂಳೋಕೆ ನಾನು ಬಿಡಲ್ಲ. ಒಂದು ಸಲ ಹೂತ್ವಿ. ನಾವು ಹೂತದ್ದನ್ನ ಅವರು ಗೋಡೆ ಮೇಲೆ ಬಿಟ್ಟು ನಿಮ್ಮನ್ನ ಸುಳ್ಳುಗಾರ ಮಾಡಿದ್ರು. ನನ್ನ ಗಂಡ ಮೂರು ವರ್ಷ ಒಳಗೊಳಗೇ ಕೊಳೆತ. ನಾನು ಅಗೆದೆ, ನನ್ನ ಕೈ ಒಡೀತು. ಅದು ಆಗಿದೆ, ಆಟಾ. ಆಗೇ ಇಲ್ಲ ಅಂತ ಇನ್ನೊಂದ್ಸಲ ಹೇಳಿಸ್ಬೇಡಿ."

ಹಿರಿಯರ ಮುಂದೆ ಹೆಂಗಸು ಹಾಗೆ ಮಾತಾಡಿದ್ದು ನಾನಂತೂ ಕಂಡಿರಲಿಲ್ಲ. ಮನಸ್ಸಿನಲ್ಲಿ ಇಬ್ಬರು ಒಡೆಯರನ್ನೂ ನೆನೆದೆ.

ಆಟಾ ಸೋವಾ ಬುರುಡೆಯನ್ನು ಎತ್ತಿ ತಾನೇ ಗಟಗಟ ಕುಡಿದ. "ಬಿಸಿಲು ಜೋರು" ಅಂದ. ಅಷ್ಟೇ ಅಂದ.

ತೀರ್ಪು ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಇನ್ನೂರ ಚಿಲ್ಲರೆ ಪುಟ. ನಾರ್ಕಿ ತಂದು ಒಲೆಗಳ ಪಕ್ಕ ಕೂತು ಓದಿ ಹೇಳಿದಳು. ಕಂಪನಿ ಸೋತಿತ್ತು. ಮಂಗಳವಾರ ಉಳಿದಿತ್ತು. ಒಂದು ಕಡೆ ಹೀಗಿತ್ತಂತೆ: ಪಟ್ಟಿಯಲ್ಲಿಲ್ಲದ ಒಬ್ಬ ಸ್ಥಳೀಯ ಮಹಿಳೆ ಆಡಿದ ಮಾತುಗಳನ್ನು ನಾವು ಗಣನೆಗೆ ತೆಗೆದುಕೊಂಡಿಲ್ಲ. ಆದರೆ ಕಂಪನಿಯೇ ತಂದ ಚಿತ್ರದಲ್ಲಿರುವ ಮಲಗಿದ ದೋಣಿಗಳನ್ನೂ, ಗುರುವಾರ ನಮ್ಮ ಕಣ್ಣೆದುರೇ ಶಿಕ್ಷೆಯಾಗಿ ಎಳೆದು ಹಾಕಿದ ದೋಣಿಯನ್ನೂ ಗಣನೆಗೆ ತೆಗೆದುಕೊಂಡಿದ್ದೇವೆ.

"ನೋಡ್ದ್ಯಾ, ನಿನ್ನ ಬಾಯಿಗಿಂತ ನಿನ್ನ ದೋಣಿಗೇ ಮರ್ಯಾದೆ ಜಾಸ್ತಿ" ಅಂದಳು ಕೋರ್ಕೊಯ್.

ಎಲ್ಲರೂ ಕುಣಿದರು. ನಾನೂ ಕುಣಿದೆ. ಕುಣಿಯುತ್ತಲೇ ಆ ಎರಡು ಪದ ಚುಚ್ಚಿದವು. ಸ್ಥಳೀಯ ಮಹಿಳೆ. ದೋಣಿಗೆ ಹೆಸರಿತ್ತು, ವಕೀಲನಿಗಿತ್ತು, ಕಂಪನಿಗಿತ್ತು. ಇನ್ನೂರು ಪುಟದಲ್ಲಿ ನನ್ನ ಹೆಸರಿಗೆ ಒಂದು ಸಾಲು ಜಾಗ ಸಿಗಲಿಲ್ಲ.

ಅವರು ತೆಗೆದುಹಾಕಿದ ಮಾತನ್ನು ನಾನು ಹೂಳಿಲ್ಲ. ಕೇಳಿದವರಿಗೆಲ್ಲ ಹೇಳುತ್ತೇನೆ. ಒಕ್ಪೊಟಿ ಪಕ್ಕದಲ್ಲಿ ಕೂತು ಬೋಗುಣಿಯ ಲೆಕ್ಕ ತಿದ್ದುತ್ತಾನೆ. ನೀವೂ ಬಂದು ಕೇಳಬಹುದು. ಅಬ್ಲೆಶಿಗೆ ಬಂದು ಒಡಾರ್ಲೆಯ ಒಲೆ ಯಾವುದೆಂದರೆ ಯಾರಾದರೂ ತೋರಿಸುತ್ತಾರೆ. ಮಂಗಳವಾರ ಬನ್ನಿ. ಅಂದು ನನಗೆ ಬಿಡುವು.